ನಾಲ್ಕು ಬೈಟ್‌ಗಳೊಳಗಿನ ಏಳು ಖಾಲಿ ಬಿಟ್‌ಗಳು

ಲಿನಕ್ಸ್ ಕರ್ನೆಲ್‌ನ ಸ್ಪಿನ್‌ಲಾಕ್‌ಗಳ ಇತಿಹಾಸವನ್ನು ಬರೀ ಸರದಿಯ ಇತಿಹಾಸವಾಗಿ ಹೇಳುವ ವಾಡಿಕೆ ಬಲವಾಗಿ ಬೇರೂರಿದೆ. ಮೊದಲು, ಯಾರ ಕೈಗೆ ಸಿಕ್ಕಿತೋ ಅವರದೇ ಲಾಕ್, 2008ರಲ್ಲಿ ನಿಕ್ ಪಿಗ್ಗಿನ್ ಅವರ ಟಿಕೆಟ್ ಲಾಕ್‌ನಿಂದ ಬಂದವರಿಗೆ ಬಂದ ಕ್ರಮದಲ್ಲೇ ಪಾಳಿ, 2015ರಲ್ಲಿ 4.2 ಆವೃತ್ತಿಯೊಂದಿಗೆ ಕ್ಯೂ ಸ್ಪಿನ್‌ಲಾಕ್. ಈ ಕಥನದಲ್ಲಿ ಲಾಕ್‌ನ ಗಾತ್ರಕ್ಕೆ ಜಾಗವಿಲ್ಲ. ಅದು ಹಳೆಯ ಎಪಿಐನಿಂದ ಉಳಿದುಬಂದ ಸಂಗತಿ ಮಾತ್ರ. ಈ ಓದು ತಪ್ಪು ಎಂಬುದು ನನ್ನ ವಾದ.

ಈ ಓದನ್ನು ಒಪ್ಪುವವರ ಕೈಯಲ್ಲಿ ಗಟ್ಟಿ ಸಾಕ್ಷ್ಯವೊಂದಿದೆ. ಕ್ಯೂ ಸ್ಪಿನ್‌ಲಾಕ್‌ನ 32 ಬಿಟ್‌ಗಳಲ್ಲಿ 0ರಿಂದ 7ರವರೆಗೆ ಲಾಕ್ ಬೈಟ್, 8ನೆಯದು ಪೆಂಡಿಂಗ್ ಬಿಟ್, 16 ಮತ್ತು 17 ನೆಸ್ಟಿಂಗ್ ಮಟ್ಟ, 18ರಿಂದ 31ರವರೆಗೆ ಸಾಲಿನ ಕೊನೆಯಲ್ಲಿ ನಿಂತ ಸಿಪಿಯು ಸಂಖ್ಯೆ. 9ರಿಂದ 15ರವರೆಗಿನ 7 ಬಿಟ್‌ಗಳು ಖಾಲಿ. ಜಾಗಕ್ಕೆ ಅಷ್ಟೊಂದು ಇಕ್ಕಟ್ಟಿದ್ದರೆ ಐದನೆಯ ಒಂದು ಭಾಗಕ್ಕೂ ಹೆಚ್ಚನ್ನು ಯಾರು ಖಾಲಿ ಬಿಡುತ್ತಾರೆ ಎಂಬುದು ಅವರ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಆ ಬಿಟ್‌ಗಳ ಸ್ಥಾನದಲ್ಲಿದೆ. 7 ಬಿಟ್ ಬಿಟ್ಟಿದ್ದರಿಂದಲೇ ಸಾಲಿನ ತುದಿಯ ಗುರುತು 16ನೆಯ ಬಿಟ್‌ನಿಂದ, ಅಂದರೆ ಎರಡು ಬೈಟ್‌ಗಳ ಗಡಿಯಿಂದ ಶುರುವಾಗುತ್ತದೆ. ಹೊಸದಾಗಿ ಸಾಲಿಗೆ ಸೇರುವ ಸಿಪಿಯು ಒಂದೇ 16 ಬಿಟ್ ವಿನಿಮಯ ಸೂಚನೆಯಲ್ಲಿ ತನ್ನ ಗುರುತು ಬರೆದು, ಹಿಂದಿನವರದನ್ನು ಪಡೆಯುತ್ತದೆ. ಪೆಂಡಿಂಗ್‌ಗೆ ಇಡೀ ಬೈಟ್ ದಕ್ಕಿರುವುದರಿಂದ, ಅದನ್ನು ಅಳಿಸಿ ಲಾಕ್ ಹಿಡಿಯುವ ಎರಡು ಕೆಲಸಗಳೂ ಒಂದು ಸಾದಾ 16 ಬಿಟ್ ಬರಹದಲ್ಲಿ ಮುಗಿಯುತ್ತವೆ. ಲಾಕ್ ಬಿಡುವಾಗ ಒಂದು ಬೈಟ್‌ಗೆ ಸೊನ್ನೆ ಬರೆದರಾಯಿತು. ಪೀಟರ್ ಜೈಲ್‌ಸ್ಟ್ರಾ ಅವರು ಸೇರಿಸಿದ ಈ ಸುಧಾರಣೆ 16,384ಕ್ಕಿಂತ ಕಡಿಮೆ ಸಿಪಿಯುಗಳಿಗೆ ಕಟ್ಟಿದ ಕರ್ನೆಲ್‌ಗೆ ಮಾತ್ರ ಅನ್ವಯಿಸುತ್ತದೆ. ಅದಕ್ಕೂ ದೊಡ್ಡ ಸಂರಚನೆಯಲ್ಲಿ ಖಾಲಿ ಬಿಟ್‌ಗಳು ಮಾಯವಾಗುತ್ತವೆ. ತುದಿಯ ಗುರುತು 9ನೆಯ ಬಿಟ್‌ಗೆ ಸರಿಯುತ್ತದೆ. ಒಂದು ವಿನಿಮಯದ ಬದಲು, ಗೆಲ್ಲುವವರೆಗೂ ಹೋಲಿಸಿ ಬರೆಯುವ ಲೂಪ್ ಬರುತ್ತದೆ. ನಾಲ್ಕು ಬೈಟ್‌ಗಳ ಮಿತಿಯೊಳಗೆ ಅಲೈನ್‌ಮೆಂಟ್‌ಗೆ ತೆತ್ತ ಬೆಲೆಯೇ ಆ 7 ಬಿಟ್‌ಗಳು. ಖಾಲಿತನವನ್ನು ಧಾರಾಳತನವೆಂದು ಓದುವವರು ಎರಡನೆಯ ವಿನ್ಯಾಸವನ್ನು ನೋಡಿಯೇ ಇಲ್ಲವೆನ್ನಬೇಕು. ಅದು ಅದೇ ಹೆಡರ್ ಫೈಲ್‌ನ ಅದೇ ಟಿಪ್ಪಣಿಯಲ್ಲಿ, ಮೊದಲನೆಯದರ ಕೆಳಗೇ ಇದೆ.

ಮಿತಿ ನಾಲ್ಕೇ ಏಕೆ? ಮೆಲರ್-ಕ್ರಮ್ಮಿ ಮತ್ತು ಸ್ಕಾಟ್ 1991ರಲ್ಲಿ ಪ್ರಕಟಿಸಿದ ಎಂಸಿಎಸ್ ಲಾಕ್‌ನಲ್ಲಿ ಇರುವುದು ಒಂದು ಪಾಯಿಂಟರ್, 64 ಬಿಟ್ ಯಂತ್ರದಲ್ಲಿ 8 ಬೈಟ್. ಹೊರೆ ಬಿದ್ದಾಗ ಟಿಕೆಟ್ ಲಾಕ್ ಹಠಾತ್ತನೆ ಕುಸಿಯುತ್ತದೆಂದು 2012ರಲ್ಲಿ ತೋರಿಸಿದ ಬಾಯ್ಡ್-ವಿಕೈಜರ್ ಮತ್ತು ಸಂಗಡಿಗರ ಪ್ರಬಂಧದ ಬಗ್ಗೆ ನನಗೆ ಆಳವಾದ ಗೌರವವಿದೆ. ಆದರೆ ಅದನ್ನು ಉಲ್ಲೇಖಿಸಿ, ಎಂಸಿಎಸ್ ಅನ್ನು ಹಾಗೆಯೇ ತಂದು ಕೂರಿಸಬಹುದಿತ್ತು ಎನ್ನುವವರು 2013ರ ಲಾಕ್‌ರೆಫ್ ಅನ್ನು ಮರೆಯುತ್ತಾರೆ. 4 ಬೈಟ್ ಲಾಕ್, 4 ಬೈಟ್ ಎಣಿಕೆ. ಎರಡನ್ನೂ 8 ಬೈಟ್‌ಗಳಿಗೆ ಅಲೈನ್ ಮಾಡಿದ ಒಂದೇ ಪದವೆಂದು ಕಂಡು, ಲಾಕ್ ಹಿಡಿಯದೆಯೇ ಎಣಿಕೆ ಬದಲಿಸುವ ಉಪಾಯವದು. ಫೈಲ್ ಹೆಸರುಗಳ ಡೆಂಟ್ರಿಗಳು ಅದನ್ನೇ ನೆಚ್ಚಿಕೊಂಡವು. ಡೆಂಟ್ರಿಯ ಲೆಕ್ಕವೂ ಬಿಗಿಯೇ: 64 ಬಿಟ್ ಯಂತ್ರದಲ್ಲಿ ಅದು 192 ಬೈಟ್, ಅಂದರೆ ಸರಿಯಾಗಿ ಮೂರು 64 ಬೈಟ್ ಕ್ಯಾಶ್ ಲೈನ್. ಚಿಕ್ಕ ಹೆಸರುಗಳಿಗೆ ಒಳಗೇ ಮೀಸಲಿಟ್ಟ ಜಾಗವನ್ನು ಆ ಮೊತ್ತಕ್ಕೆ ಹೊಂದುವಂತೆ ಕತ್ತರಿಸಲಾಗಿದೆ. ಲಾಕ್ ಬೆಳೆದರೆ ಒಂದೋ ಹೆಸರಿನ ಜಾಗ ಸವೆಯಬೇಕು, ಇಲ್ಲವೇ ಡೆಂಟ್ರಿ ನಾಲ್ಕನೆಯ ಲೈನ್‌ಗೆ ಉಕ್ಕಬೇಕು.

ಡೀಬಗ್ ಸಂರಚನೆಯಲ್ಲಿ ಲಾಕ್ ನಾಲ್ಕು ಬೈಟ್ ಮೀರುತ್ತದೆ, ಕರ್ನೆಲ್ ಆಗಲೂ ಓಡುತ್ತದೆ ಎಂಬುದು ಎದುರು ಪಕ್ಷದ ಕೊನೆಯ ಆಸರೆ. ಓಡುತ್ತದೆ, ನಿಜ. ಆದರೆ ಲಾಕ್‌ರೆಫ್‌ನ ಹೆಡರ್ ಫೈಲ್ ಸ್ಪಿನ್‌ಲಾಕ್ ಗಾತ್ರ 4ನ್ನು ಮೀರಿಲ್ಲವೆಂದು ಪರೀಕ್ಷಿಸಿಯೇ ವೇಗದ ದಾರಿಯನ್ನು ಕಂಪೈಲ್ ಮಾಡಿಸುತ್ತದೆ. ಮೀರಿದರೆ ಪ್ರತಿ ಎಣಿಕೆಗೂ ಲಾಕ್ ಹಿಡಿಯಲೇಬೇಕು. ಪೇಜ್ ಟೇಬಲ್ ಲಾಕ್‌ನದೂ ಇದೇ ಪಾಡು: ಅದು ಒಂದು ಲಾಂಗ್‌ನಷ್ಟು ಜಾಗದಲ್ಲಿ ಹಿಡಿಸದಿದ್ದರೆ ಪೇಜ್ ರಚನೆಯಿಂದ ಹೊರಬಿದ್ದು, ಬೇರೆಡೆ ಮೆಮೊರಿ ಪಡೆದು, ಪಾಯಿಂಟರ್ ಮೂಲಕ ತಲುಪಬೇಕಾದ ವಸ್ತುವಾಗುತ್ತದೆ.