ಕಾಲದ ಸುಳಿಯೂ ಮನದ ಹಂಬಲವೂ

ಕಳೆದ ಕಾಲಕ್ಕೆ ಮರಳಿ ಆದದ್ದನ್ನು ತಿದ್ದಬೇಕೆಂಬ ಆಸೆ ಗಡಿನಾಡಿನವರಾದ ನಮಗೆ ಹೊಸದಲ್ಲ. 1953ರಲ್ಲಿ ಆಂಧ್ರ ರಾಜ್ಯವು ರೂಪುಗೊಂಡಾಗ ಬಳ್ಳಾರಿಯ ಹಲವು ತಾಲ್ಲೂಕುಗಳು ಮೈಸೂರನ್ನು ಸೇರಿದವು. ಹಿಂದೂಪುರ, ಕಲ್ಯಾಣದುರ್ಗಗಳು ಅನಂತಪುರ ಜಿಲ್ಲೆಯೊಡನೆ ಆಂಧ್ರದಲ್ಲಿ ಉಳಿದವು. ‘ಅಂದು ಬೇರೆ ರೀತಿಯಾಗಿದ್ದರೆ?’ ಎಂಬ ಮಾತು ನಮ್ಮ ಹಿರಿಯರ ಜಗುಲಿಯಲ್ಲಿ ಎಷ್ಟು ಬಾರಿ ಬಂದಿಲ್ಲ! ಕಾಲಯಾನದ ಚಲನಚಿತ್ರಗಳು ಹುಟ್ಟಿದ್ದೂ ಇದೇ ಪ್ರಶ್ನೆಯಿಂದ.

ನಮ್ಮ ಪುರಾಣಕ್ಕೆ ಮುಂದಿನ ಕಾಲಕ್ಕೆ ಸಾಗುವ ಕಥೆ ತಿಳಿದಿತ್ತು. ಮಗಳು ರೇವತಿಗೆ ತಕ್ಕ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋದ ಕಕುದ್ಮಿ ರಾಜನು ಹಿಂದಿರುಗುವ ವೇಳೆಗೆ ಭೂಮಿಯಲ್ಲಿ ಯುಗಗಳೇ ಉರುಳಿದ್ದವೆಂದು ಭಾಗವತವು ಹೇಳುತ್ತದೆ. ತಂದೆಯ ಕಾಳಜಿಯೇ ಅಲ್ಲಿ ಪ್ರಯಾಣದ ಪ್ರೇರಣೆ. 1895ರಲ್ಲಿ ಎಚ್. ಜಿ. ವೆಲ್ಸ್ ಕಾಲಯಂತ್ರದ ಕಾದಂಬರಿಯನ್ನು ಬರೆದ ಮೇಲೆ, ಪ್ರಯಾಣವು ದೈವದ ಕೈಯಿಂದ ಮನುಷ್ಯನ ಕೈಗೆ ಬಂದಿತು.

1984ರ ‘ದಿ ಟರ್ಮಿನೇಟರ್’ ಚಿತ್ರವು ಕಾರ್ಯಕಾರಣದ ಸುಳಿಯನ್ನು ಜನಪ್ರಿಯಗೊಳಿಸಿತು. ಭವಿಷ್ಯದ ನಾಯಕನು ಹುಟ್ಟಲೇಬಾರದೆಂದು ಯಂತ್ರಗಳು ಅವನ ತಾಯಿಯನ್ನು ಕೊಲ್ಲಲು ಕೊಲೆಗಾರನನ್ನು ಹಿಂದಕ್ಕೆ ಕಳುಹಿಸುತ್ತವೆ. ಅವಳನ್ನು ರಕ್ಷಿಸಲು ಬಂದ ಸೈನಿಕನೇ ಆ ನಾಯಕನ ತಂದೆಯಾಗುತ್ತಾನೆ. ತಡೆಯುವ ಯತ್ನವೇ ಜನ್ಮಕ್ಕೆ ಕಾರಣ. ಆದರೂ ಪ್ರೇಕ್ಷಕನು ಇದನ್ನು ಗಣಿತದ ಒಗಟೆಂದು ನೋಡುವುದಿಲ್ಲ. ಸೈನಿಕನು ಆ ಹೆಣ್ಣನ್ನು ಮನಸಾರೆ ಪ್ರೀತಿಸಿದ್ದರಿಂದಲೇ ಸುಳಿ ನಂಬುವಂತಾಗುತ್ತದೆ.

ತೆಲುಗಿನಲ್ಲಿ 1991ರ ‘ಆದಿತ್ಯ 369’ ನಮಗೆ ಹತ್ತಿರದ ಚಿತ್ರ. ನಿರ್ದೇಶಕ ಸಿಂಗೀತಂ ಶ್ರೀನಿವಾಸರಾವ್ ಅವರು ಕನ್ನಡದಲ್ಲಿ ‘ಹಾಲು ಜೇನು’, ‘ಚಲಿಸುವ ಮೋಡಗಳು’ ಕೊಟ್ಟವರು. ಮುಂದೆ 2014ರಲ್ಲಿ ಹಿಂದೂಪುರದ ಶಾಸಕರಾದ ನಂದಮೂರಿ ಬಾಲಕೃಷ್ಣ ಅವರೇ ಅದರಲ್ಲಿ ನಾಯಕನೂ ಕೃಷ್ಣದೇವರಾಯನೂ. ನಾಯಕನು ಇತಿಹಾಸವನ್ನು ತಿದ್ದುವ ಸಂಕಲ್ಪದಿಂದ 1526ರ ವಿಜಯನಗರಕ್ಕೆ ಹೋದವನಲ್ಲ. ಅಲ್ಲಿ ಮುಖ್ಯವಾದುದು ಬೆರಗು. ಪೂರ್ವಿಕರನ್ನು ಕಣ್ಣಾರೆ ಕಾಣುವ ಸುಖ. ಹಾಗಾಗಿ ಟರ್ಮಿನೇಟರಿನ ಬಿಗಿ ಸುಳಿ ಇಲ್ಲಿಲ್ಲ.

ಈ ಎರಡು ಬಗೆಯ ಪ್ರೇರಣೆಗಳಲ್ಲಿ ನಮ್ಮದು ಯಾವುದು? ಗಡಿಯನ್ನು ಅಳಿಸಲು ಹಿಂದಕ್ಕೆ ಹೋಗುತ್ತೇವೆಂದು ಊಹಿಸೋಣ. ಅಳಿಸಿದೊಡನೆ, ಅಳಿಸಬೇಕೆಂಬ ಹಂಬಲವೂ ಹುಟ್ಟುವುದಿಲ್ಲ, ಹೊರಡುವವರೇ ಇರುವುದಿಲ್ಲ. ಗಡಿಯ ನೋವಿನಿಂದಲೇ ಗಡಿನಾಡಿನ ಕನ್ನಡ ಸಂಘಗಳು ಬಲಗೊಂಡವು, ಮನೆಮಾತನ್ನು ಉಳಿಸುವ ಛಲ ಬಂದಿತು. ನಾವು ತಿದ್ದಬಯಸುವ ಘಟನೆಯೇ ನಮ್ಮನ್ನು ರೂಪಿಸಿದೆ.

ಆದ್ದರಿಂದ ಹಿಂದಕ್ಕೆ ಹೋಗುವುದು ತಿದ್ದಲಿಕ್ಕಲ್ಲ, ಓದಲಿಕ್ಕೆ. ಹಿಂದೂಪುರಕ್ಕೆ ಸಮೀಪದ ಲೇಪಾಕ್ಷಿ ದೇಗುಲದಲ್ಲಿ ಅಚ್ಯುತರಾಯನ ಕಾಲದ ಕನ್ನಡ ಶಾಸನಗಳಿವೆ. ಅವನ್ನು ಕೆತ್ತಿಸಿದವರು ಮುಂದೆ ಯಾರೋ ಓದುವರೆಂದು ನಂಬಿದ್ದರು. ನಮ್ಮ ಮನೆಯ ಮಕ್ಕಳು ಕನ್ನಡದ ಅಕ್ಷರ ಕಲಿಯದಿದ್ದರೆ ಆ ನಂಬಿಕೆ ಅಲ್ಲಿಗೇ ನಿಲ್ಲುತ್ತದೆ. ಕಲಿತರೆ, ಐನೂರು ವರ್ಷಗಳ ಹಿಂದೆ ಹೊರಟ ಮಾತು ತಲುಪಬೇಕಾದ ಮನೆಯನ್ನು ತಲುಪುತ್ತದೆ. ಅದಕ್ಕೆ ಯಂತ್ರ ಬೇಕಿಲ್ಲ. ಸಂಜೆಯ ಅರ್ಧ ಗಂಟೆ, ಒಂದು ಬಾಲಬೋಧೆ, ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬ ಅಜ್ಜಿ ಸಾಕು.