ಬಾಟಲಿಯೊಳಗಿನ ಬಳ್ಳಿ

ಡೊಂಬಿವಲಿಯ ಒನ್ ರೂಮ್ ಕಿಚನ್ ಮನೆಗಳಲ್ಲಿ ಮಣ್ಣಿಗೆ ಜಾಗವಿಲ್ಲ. ತುಳಸಿ ಕಿಟಕಿಯ ಗ್ರಿಲ್ಲಿಗೆ ಸರಿದಿದೆ. ಒಳಗೆ, ನೀರು ತುಂಬಿದ ಬಾಟಲಿಯಲ್ಲಿ ಮನಿ ಪ್ಲಾಂಟ್. ದುಡ್ಡು ತರುತ್ತದೆಂದು ಮನೆ ಸೇರಿದ ಬಳ್ಳಿ ಈಗ ಗಾಳಿ ಶುದ್ಧ ಮಾಡುವ ಗಿಡವೆಂದು ಮಾರಾಟವಾಗುತ್ತದೆ.

ಇದರ ತವರು ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ದ್ವೀಪ. ಹೊಸ ಖ್ಯಾತಿಯ ಮೂಲ 1989ರ ನಾಸಾ ವರದಿ. ಬಿ. ಸಿ. ವೂಲ್ವರ್ಟನ್ ಮತ್ತು ಜೊತೆಗಾರರು ಮನೆಗಿಡಗಳನ್ನು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಬೆಂಜೀನ್, ಫಾರ್ಮಾಲ್ಡಿಹೈಡ್ ಕಡಿಮೆಯಾಗುವುದನ್ನು ಅಳೆದರು. ಎಲೆಗಿಂತ ಹೆಚ್ಚು ಕೆಲಸ ಮಾಡಿದ್ದು ಬೇರು ಮತ್ತು ಅದರ ಸುತ್ತಲಿನ ಮಣ್ಣಿನ ಸೂಕ್ಷ್ಮಜೀವಿಗಳು. ನಮ್ಮ ಬಾಟಲಿಯಲ್ಲಿ ಆ ಮಣ್ಣೇ ಇಲ್ಲ! ವಾರಕ್ಕೊಮ್ಮೆ ನೀರು ಬದಲಿಸದಿದ್ದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮಾತ್ರ ಅಲ್ಲಿ ಮೊಟ್ಟೆಯಿಟ್ಟು ಮರಿ ಮಾಡಬಹುದು.

2018ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಇದೇ ಬಳ್ಳಿಗೆ ಮೊಲದ ಒಂದು ಜೀನ್ ಸೇರಿಸಿ, ಬೆಂಜೀನ್ ಮತ್ತು ಕ್ಲೋರೋಫಾರ್ಮ್ ಒಡೆಯುವಂತೆ ಮಾಡಿದರು. ಅದೂ ಮುಚ್ಚಿದ ಗಾಜಿನ ಸೀಸೆಯಲ್ಲೇ. ಮರುವರ್ಷ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಕಮಿಂಗ್ಸ್ ಮತ್ತು ವೇರಿಂಗ್ ಹಳೆಯ ಪ್ರಯೋಗಗಳನ್ನೆಲ್ಲ ಲೆಕ್ಕ ಹಾಕಿದರು: ಕಟ್ಟಡದಲ್ಲಿ ತಾನಾಗಿ ನಡೆಯುವ ಗಾಳಿಯಾಟಕ್ಕೆ ಗಿಡಗಳು ಸಮನಾಗಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಮಲಗಲು ಚಾಪೆ ಹಾಸುವುದೆಲ್ಲಿ?

ಹಾಗಾದರೆ ಕಿಟಕಿ ತೆಗೆಯಿರಿ ಎನ್ನುವುದು ಫಿಲಡೆಲ್ಫಿಯಾದಲ್ಲಿ ಸುಲಭ. ಡೊಂಬಿವಲಿಯ ಎಂಐಡಿಸಿ ಪ್ರದೇಶದಲ್ಲಿ 2020ರಲ್ಲಿ ರಸ್ತೆಯೇ ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ವಾಸನೆ ಬಂದಾಗ ಅಲ್ಲಿನವರು ಮೊದಲು ಮುಚ್ಚುವುದು ಕಿಟಕಿಯನ್ನೇ. ಬಳ್ಳಿಯೂ ಅವರೊಂದಿಗೆ ಒಳಗೇ ಇರುತ್ತದೆ.