ಸಂಘ ಬದಲಿಸುವ ಹಕ್ಕು: ಬಸ್ಸಿನಿಂದ ವಿಮಾನದವರೆಗೆ

2021ರ ಏಪ್ರಿಲ್ 7ರಂದು ರಾಜ್ಯದಲ್ಲಿ ಸರ್ಕಾರಿ ಬಸ್ಸುಗಳ ಸಂಚಾರ ಬಹುತೇಕ ನಿಂತುಹೋಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಂಥ ಊರುಗಳಲ್ಲಿ ಶಾಲೆ, ಸಂತೆ, ಆಸ್ಪತ್ರೆ ಎಲ್ಲಕ್ಕೂ ಕೆಂಪು ಬಸ್ಸೇ ಆಧಾರ. ಸರ್ಕಾರ ಖಾಸಗಿ ಬಸ್ಸುಗಳನ್ನು ನಿಲ್ದಾಣದೊಳಕ್ಕೆ ಬಿಟ್ಟಿತು. ಹೈಕೋರ್ಟಿನ ಮಾತಿನ ನಂತರ, ಏಪ್ರಿಲ್ 21ರಂದು ಮುಷ್ಕರ ಮುಗಿಯಿತು. ಅಷ್ಟರಲ್ಲಿ ವಜಾ, ಅಮಾನತು, ವರ್ಗಾವಣೆಯ ಆದೇಶಗಳು ಅನೇಕ ನೌಕರರ ಮನೆ ತಲುಪಿದ್ದವು.

ಆರನೇ ವೇತನ ಆಯೋಗದಂತೆ ಸಂಬಳ ಬೇಕೆಂಬುದು ಬೇಡಿಕೆ. ಆದರೆ ಅದರ ಹಿಂದೆ ಇನ್ನೊಂದು ಪ್ರಶ್ನೆಯಿತ್ತು: ನೌಕರರ ಪರವಾಗಿ ಮಾತನಾಡಬೇಕಾದವರು ಯಾರು? ಸಾರಿಗೆ ನಿಗಮದಲ್ಲಿ ದಶಕಗಳ ಹಳೆಯ ಸಂಘಗಳಿದ್ದವು. ಮುಷ್ಕರ ನಡೆಸಿದ್ದು ಅವುಗಳ ಹೊರಗೆ ಬೆಳೆದ ನೌಕರರ ಕೂಟ. ಅದರ ಮುಂದಾಳು ರೈತ ನಾಯಕ ಕೋಡಿಹಳ್ಳಿ ಚಂದ್ರಶೇಖರ್. ಹಳೆಯ ಸಂಘಕ್ಕೆ ಒಪ್ಪಂದ ಮಾಡಿಕೊಂಡ ಅನುಭವವಿತ್ತು, ಹೊಸ ಕೂಟಕ್ಕೆ ನೌಕರರ ಸಿಟ್ಟಿನ ಬಲವಿತ್ತು. ಯಾರ ಹಿಂದೆ ಎಷ್ಟು ಜನರಿದ್ದಾರೆ ಎಂಬುದನ್ನು ಮತಪೆಟ್ಟಿಗೆ ಹೇಳಲಿಲ್ಲ, ಡಿಪೋದಲ್ಲಿ ನಿಂತ ಬಸ್ಸುಗಳು ಹೇಳಬೇಕಾಯಿತು.

ಈ ಕೊರತೆಗೆ ನೂರು ವರ್ಷದ ಚರಿತ್ರೆಯಿದೆ. 1918ರಲ್ಲಿ ಬಿ.ಪಿ. ವಾಡಿಯಾ ಅವರ ನೇತೃತ್ವದಲ್ಲಿ ಮದ್ರಾಸ್ ಕಾರ್ಮಿಕ ಸಂಘ ಹುಟ್ಟಿತು. ಗಿರಣಿ ಮಾಲೀಕರು ಅದರ ನಾಯಕರ ಮೇಲೆ ಕೋರ್ಟಿಗೆ ಹೋದರು. ಇಂಥ ಘಟನೆಗಳ ಬೆನ್ನಲ್ಲೇ 1926ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆ ಬಂತು. ಅದು ಸಂಘದ ನೋಂದಣಿಗೆ ದಾರಿ ಮಾಡಿತೇ ಹೊರತು, ಆಡಳಿತ ಯಾವ ಸಂಘದ ಜೊತೆ ಮಾತನಾಡಬೇಕು ಎಂದು ಹೇಳಲಿಲ್ಲ. ಕಡ್ಡಾಯ ಮಾನ್ಯತೆಗಾಗಿ 1947ರಲ್ಲಿ ತಂದ ತಿದ್ದುಪಡಿ ಜಾರಿಗೇ ಬರಲಿಲ್ಲ. 1958ರ ಶಿಸ್ತು ಸಂಹಿತೆ, ಒಮ್ಮೆ ಮಾನ್ಯತೆ ಪಡೆದ ಸಂಘವನ್ನು ಎರಡು ವರ್ಷ ಕದಲಿಸಬಾರದೆಂದಿತು. ಆದರೆ ಅದು ಸ್ವಇಚ್ಛೆಯ ಒಪ್ಪಂದವಷ್ಟೇ. 1995ರಲ್ಲಿ ಆಹಾರ ನಿಗಮದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಬಹುಮತ ತಿಳಿಯಲು ಗುಪ್ತ ಮತದಾನದ ವಿಧಾನವನ್ನು ಒಪ್ಪಿತು.

ಸಾವಿರಾರು ರೂಪಾಯಿ ಸಂಬಳದ ಬಸ್ ಚಾಲಕನಿಗೂ ಲಕ್ಷಗಟ್ಟಲೆ ಪಡೆಯುವ ಪೈಲಟ್‌ಗೂ ಈ ಪ್ರಶ್ನೆ ಒಂದೇ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದರೂ ಪೈಲಟ್‌ಗಳ ಸಂಘಗಳು ಎರಡಾಗಿಯೇ ಉಳಿದವು. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ಯಾರಿಗೆ ಎಂಬ ಜಗಳ 2012ರಲ್ಲಿ 58 ದಿನಗಳ ಮುಷ್ಕರವಾಯಿತು. ಆಡಳಿತ ಮುಷ್ಕರನಿರತ ಸಂಘದ ಮಾನ್ಯತೆಯನ್ನೇ ಕಿತ್ತುಕೊಂಡಿತು. ಕೊಡುವುದೂ ಕಸಿಯುವುದೂ ಧಣಿಯ ಕೈಯಲ್ಲಿದ್ದರೆ ಆಗುವುದು ಹೀಗೆ.

ಅಮೆರಿಕದ ಯುಎಸ್ ಏರ್‌ವೇಸ್‌ನಲ್ಲಿ ನಡೆದದ್ದು ಬೇರೆ. ಎರಡು ಕಂಪನಿಗಳು ಸೇರಿದ ಮೇಲೆ ಸೇವಾ ಹಿರಿತನದ ಪಟ್ಟಿಯ ಬಗ್ಗೆ 2007ರಲ್ಲಿ ಬಂದ ತೀರ್ಪು ಒಂದು ಬಣಕ್ಕೆ ಹಿಡಿಸಲಿಲ್ಲ. ಸಂಖ್ಯೆಯಲ್ಲಿ ಹೆಚ್ಚಿದ್ದ ಆ ಬಣ 2008ರಲ್ಲಿ ಮತ ಹಾಕಿ ಹಳೆಯ ಸಂಘವನ್ನು ಬದಲಿಸಿತು. ಅದಕ್ಕಾಗಿ ಒಂದು ವಿಮಾನವೂ ನಿಲ್ಲಲಿಲ್ಲ. ಆದರೆ ಕಡಿಮೆ ಸಂಖ್ಯೆಯ ಪೈಲಟ್‌ಗಳು ತಮಗೆ ಅನ್ಯಾಯವಾಯಿತೆಂದು ಕೋರ್ಟು ಹತ್ತಿದರು. ಕಂಪನಿ ಮತ್ತೆ ವಿಲೀನವಾದಾಗ, 2014ರಲ್ಲಿ ಹೊಸ ಸಂಘವೂ ಜಾಗ ಬಿಡಬೇಕಾಯಿತು. ಎಣಿಕೆ ಇದ್ದಮಾತ್ರಕ್ಕೆ ನ್ಯಾಯ ತಾನಾಗಿ ಸಿಗುವುದಿಲ್ಲ ಎಂಬುದಕ್ಕೂ ಇದು ಉದಾಹರಣೆ.

ನಮ್ಮಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ವಿಷಯಕ್ಕೆ ಕೊನೆಗೂ ಅಂಕೆಸಂಖ್ಯೆ ಕೊಟ್ಟಿದೆ. ಶೇ. 51 ಕಾರ್ಮಿಕರ ಬೆಂಬಲವಿದ್ದ ಸಂಘವೇ ಮಾತುಕತೆಯ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ. 20ಕ್ಕೆ ಒಬ್ಬರಂತೆ ಸಮಿತಿ. ಇದೇ ಸಂಹಿತೆ ಮುಷ್ಕರಕ್ಕೆ ಮುಂಚಿತ ನೋಟಿಸು ಕಡ್ಡಾಯ ಮಾಡಿರುವುದನ್ನು ಕಾರ್ಮಿಕ ಸಂಘಗಳು ಕಟುವಾಗಿ ವಿರೋಧಿಸಿವೆ.

ನಂಬಿಕೆ ಕಳೆದುಕೊಂಡ ಸಂಘವನ್ನು ಬಿಟ್ಟು ಹೊಸದನ್ನು ಕಟ್ಟುವುದು ದ್ರೋಹವಲ್ಲ, ಅದು ಹಕ್ಕು. ಆ ಹಕ್ಕನ್ನು ಚೀಟಿಯಲ್ಲಿ ಚಲಾಯಿಸಲು ದಾರಿಯಿಲ್ಲದಾಗ ಬೆಲೆ ತೆರುವವರು ಇಬ್ಬರು: ನೌಕರಿ ಕಳೆದುಕೊಂಡ ಚಾಲಕ ಮತ್ತು ಅರಕಲಗೂಡಿನ ನಿಲ್ದಾಣದಲ್ಲಿ ಬಾರದ ಬಸ್ಸಿಗೆ ಕಾಯುವ ಪ್ರಯಾಣಿಕ.